ಸರಾಸರಿ ಎಂದರೆ ಎಷ್ಟು?

‘ಹುಡುಗ ಸರಾಸರಿ, ಪರವಾಗಿಲ್ಲ’ ಎಂದು ಹೆತ್ತವರ ಸಭೆಯಲ್ಲಿ ಮೇಷ್ಟ್ರು ಹೇಳುತ್ತಾರೆ. ‘ಸರಾಸರಿಗಿಂತ ಹೆಚ್ಚು ಮಳೆ’ ಎಂದು ಪತ್ರಿಕೆ ಬರೆಯುತ್ತದೆ. ‘ನಮ್ಮಲ್ಲಿ ಕಲಿತವರ ಸರಾಸರಿ ಸಂಬಳ ವರ್ಷಕ್ಕೆ 8 ಲಕ್ಷ’ ಎಂದು ಕಾಲೇಜಿನ ಜಾಹೀರಾತು ಸಾರುತ್ತದೆ. ಪದ ಒಂದೇ. ಮೊದಲ ಮಾತಿನಲ್ಲಿ ಅದರ ಅರ್ಥ ಸಾಧಾರಣ, ಎರಡನೆಯದರಲ್ಲಿ ವಾಡಿಕೆ, ಮೂರನೆಯದರಲ್ಲಿ ಬರೇ ಒಂದು ಭಾಗಾಕಾರದ ಉತ್ತರ.

ಸರಾಸರಿ ಪಾರ್ಸಿ ಮೂಲದ ಪದ. ‘ಈ ತುದಿಯಿಂದ ಆ ತುದಿಯವರೆಗೆ’ ಎಂಬುದು ಅದರ ಹಳೆಯ ಅರ್ಥ. ಇಂಗ್ಲಿಷಿನ ‘ಆವರೇಜ್’ ಹುಟ್ಟಿದ್ದು ಕಡಲಿನಲ್ಲಿ. ಕಾಪುವಿನ ದೀಪಸ್ತಂಭ 1901ರಲ್ಲಿ ಬೆಳಗುವುದಕ್ಕೂ ಬಹಳ ಹಿಂದಿನಿಂದ ಅರಬ್ಬಿ ಸಮುದ್ರದಲ್ಲಿ ಸರಕು ಸಾಗುತ್ತಿತ್ತಲ್ಲ, ಆ ಅರಬ್ಬರ ಭಾಷೆಯಲ್ಲಿ ಹಾಳಾದ ಸರಕಿಗಿದ್ದ ಹೆಸರೇ ಈ ಪದದ ಬೇರು ಎಂಬುದು ನಿಘಂಟುಕಾರರ ಅಭಿಪ್ರಾಯ. ಬಿರುಗಾಳಿಯಲ್ಲಿ ಹಡಗು ಉಳಿಸಲು ಯಾರದೋ ಮೂಟೆಗಳನ್ನು ನೀರಿಗೆ ಎಸೆದರೆ, ಆ ನಷ್ಟವನ್ನು ಎಲ್ಲ ವರ್ತಕರೂ ತಮ್ಮ ಪಾಲಿನ ಸರಕಿಗೆ ತಕ್ಕಂತೆ ಹಂಚಿಕೊಳ್ಳಬೇಕಿತ್ತು. ಹಡಗಿನ ವಿಮೆಯಲ್ಲಿ ಈ ನಿಯಮ ಇಂದಿಗೂ ಇದೆ.

ಅಂದರೆ ಸರಾಸರಿ ಮೂಲತಃ ಹಂಚಿಕೆಯ ಲೆಕ್ಕ. ಒಟ್ಟು ಮೊತ್ತವನ್ನು ಸಮವಾಗಿ ಹಂಚಿದ್ದರೆ ತಲೆಗೆ ಎಷ್ಟು ಬರುತ್ತಿತ್ತು ಎಂದಷ್ಟೇ ಅದು ಹೇಳುತ್ತದೆ. ನಿಜವಾಗಿ ಯಾರಿಗೆ ಎಷ್ಟು ಬಂತು ಎಂಬುದನ್ನು ಹೇಳುವುದಿಲ್ಲ. ಮಳೆಯನ್ನೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಸರಾಸರಿ ಮಳೆ 87 ಸೆಂ.ಮೀ. ಉಡುಪಿ ಕರಾವಳಿಯಲ್ಲಿ ಸುರಿಯುವುದು ಅದರ ನಾಲ್ಕು ಪಟ್ಟಿನ ಆಸುಪಾಸು. ದೇಶದ ಸರಾಸರಿ ನಂಬಿ ಇಲ್ಲಿ ಮನೆಯ ಮಾಡು ಕಟ್ಟುವವರುಂಟೇ?

ಅಂಕಪಟ್ಟಿಯಲ್ಲೂ ಇದೇ ಕಥೆ. ಆರು ವಿಷಯಗಳಲ್ಲಿ 92, 90, 85, 80, 65, 44 ಬಂದ ಹುಡುಗಿಯ ಸರಾಸರಿ 76. ‘ಚೆನ್ನಾಗಿಯೇ ಇದೆ, ಪಿಯುಸಿಗೆ ವಿಜ್ಞಾನ ಕೊಡಿಸೋಣ’ ಎನ್ನುವ ಮೊದಲು ಆ 44 ಗಣಿತದ್ದೇ ಎಂದು ನೋಡಬೇಡವೇ? 76 ಎಂಬ ಅಂಕ ಆಕೆಗೆ ಯಾವ ವಿಷಯದಲ್ಲೂ ಬಂದದ್ದಲ್ಲ.

ವಿದ್ಯಾರ್ಥಿಗಳು ಎಡವುವ ಇನ್ನೊಂದು ಜಾಗ ವೇಗದ ಲೆಕ್ಕ. ಕಾಪುವಿನಿಂದ ಕಾರ್ಕಳಕ್ಕೆ, ಲೆಕ್ಕದ ಅನುಕೂಲಕ್ಕಾಗಿ, 30 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗುವಾಗ ಗಂಟೆಗೆ 60, ಬರುವಾಗ 30 ಕಿ.ಮೀ. ವೇಗ. ಸರಾಸರಿ 45 ಎನ್ನುವವರೇ ಹೆಚ್ಚು. ಆದರೆ 60 ಕಿ.ಮೀ. ಕ್ರಮಿಸಲು ಹಿಡಿದದ್ದು ಒಂದೂವರೆ ಗಂಟೆ, ಉತ್ತರ 40. ನಿಧಾನಕ್ಕೆ ಹೋದ ಹೊತ್ತು ಹೆಚ್ಚು, ಆದ್ದರಿಂದ ಅದರ ತೂಕವೂ ಹೆಚ್ಚು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಆ 8 ಲಕ್ಷದ ಜಾಹೀರಾತಿಗಾಗಿ. ಪಿಯುಸಿ ಫಲಿತಾಂಶ ಬಂದೊಡನೆ ಉಡುಪಿ, ಮಣಿಪಾಲ, ಕಾರ್ಕಳದ ಮನೆಗಳಲ್ಲಿ ದೂರದೂರದ ಕಾಲೇಜುಗಳ ಕರಪತ್ರಗಳು ಹರಡಿಕೊಳ್ಳುತ್ತವೆ. ಸಾಲ ಮಾಡಿ ಶುಲ್ಕ ಕಟ್ಟುವ ತೀರ್ಮಾನ ಕೆಲವೊಮ್ಮೆ ಈ ಒಂದೇ ಸಂಖ್ಯೆಯ ಮೇಲೆ ನಿಂತಿರುತ್ತದೆ. ಒಂದು ಉದಾಹರಣೆ: ಕೆಲಸ ಸಿಕ್ಕ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ತಲಾ 4 ಲಕ್ಷ, ಒಬ್ಬನಿಗೆ ಮಾತ್ರ 44 ಲಕ್ಷ. ಒಟ್ಟು 80 ಲಕ್ಷ, ಸರಾಸರಿ 8 ಲಕ್ಷ. ಸುಳ್ಳೇನಲ್ಲ. ಆದರೆ 8 ಲಕ್ಷ ಪಡೆದವರು ಒಬ್ಬರೂ ಇಲ್ಲ! ಇನ್ನು ತರಗತಿಯಲ್ಲಿದ್ದವರು ಇಪ್ಪತ್ತು ಮಂದಿಯಾಗಿದ್ದು, ಉಳಿದ ಹತ್ತು ಮಂದಿಗೆ ಕೆಲಸವೇ ಸಿಗದಿದ್ದರೆ? ಅವರು ಈ ಭಾಗಾಕಾರದಲ್ಲಿ ಸೇರಿಯೇ ಇಲ್ಲ.

ಇಂಥ ಕಡೆ ನೆರವಿಗೆ ಬರುವುದು ಹೈಸ್ಕೂಲಿನಲ್ಲೇ ಕಲಿತು ಮರೆಯುವ ಮಧ್ಯಾಂಕ. ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿ ಬರೆದು, ನಟ್ಟ ನಡುವೆ ನಿಂತದ್ದನ್ನು ನೋಡುವುದು. ಮೇಲಿನ ಹತ್ತು ಮಂದಿಯ ಮಧ್ಯಾಂಕ 4 ಲಕ್ಷ. ಮೇಲಿನವನ ಸಂಬಳ 44 ಲಕ್ಷದಿಂದ ಒಂದು ಕೋಟಿಗೆ ಏರಿದರೂ ಅದು ಕದಲದು.

2016ರಿಂದ ಪ್ರಕಟವಾಗುತ್ತಿರುವ ಕೇಂದ್ರ ಸರಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಕಾಲೇಜುಗಳು ಸಲ್ಲಿಸುವ ಮಾಹಿತಿಯಲ್ಲಿ ಕೆಲಸ ಸಿಕ್ಕವರ ಸಂಖ್ಯೆಯೂ ಅವರ ಸಂಬಳದ ಮಧ್ಯಾಂಕವೂ ಇರುತ್ತವೆ. ಅದನ್ನು ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಭಾಗವಹಿಸದ ಕಾಲೇಜಾದರೆ ಶುಲ್ಕ ಕಟ್ಟುವ ಮುನ್ನ ಕಚೇರಿಯಲ್ಲೇ ಕೇಳಬಹುದು: ಒಟ್ಟು ಎಷ್ಟು ಮಂದಿ ಕಲಿತರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯಾಂಕ ಎಷ್ಟು?