ಎದೆನೋವಿಗೆ ಬೆಳಗಿನ ಬಸ್ಸು ಕಾಯಬಾರದು



ದೇವಾಪುರದಂತಹ ಊರುಗಳಲ್ಲಿ ನಡುರಾತ್ರಿ ಎದೆನೋವು ಬಂದರೆ ಮನೆಮಂದಿ ಮೊದಲು ಆಡುವ ಮಾತು ‘ವಾಯು ಇರಬೇಕು’ ಎಂಬುದು. ಅಜವಾನದ ನೀರು ಕುಡಿಸಿ ಬೆಳಗಿನ ಬಸ್ಸಿಗೆ ಕಾಯುತ್ತಾರೆ. ಹಾಗೆ ಕಾಯುತ್ತಲೇ ಪ್ರಾಣ ಹೋದುದನ್ನು ನಾವು ಕಂಡಿದ್ದೇವೆ. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯಿರುವ ಕಲಬುರಗಿ ಇಲ್ಲಿಂದ ನೂರು ಕಿಲೋಮೀಟರಿನಷ್ಟು ದೂರ.

ಈ ದೂರವನ್ನು ತಂತ್ರಜ್ಞಾನದಿಂದ ದಾಟಬಹುದೆಂದು ನಮ್ಮ ನಾಡಿನಲ್ಲಿ ಮೊದಲು ತೋರಿಸಿದವರ ಸಾಲಿನಲ್ಲಿ ಶಸ್ತ್ರವೈದ್ಯರೊಬ್ಬರಿದ್ದಾರೆ. ಅವರು ಕಿನ್ನಿಗೋಳಿಯಲ್ಲಿ ಜನಿಸಿದ ಡಾ. ದೇವಿ ಶೆಟ್ಟಿ. 2001ರಲ್ಲಿ ಇಸ್ರೋ ಕೈಗೊಂಡ ದೂರವೈದ್ಯಕೀಯ ಪ್ರಯೋಗದ ಅಂಗವಾಗಿ ಅವರ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಉಪಗ್ರಹದ ಮೂಲಕ ಜೋಡಿಸಲಾಯಿತು. ಅಲ್ಲಿ ತೆಗೆದ ಇಸಿಜಿಯನ್ನು ಬೆಂಗಳೂರಿನ ತಜ್ಞರು ನೋಡಿ ಸಲಹೆ ನೀಡತೊಡಗಿದರು. ಹೃದ್ರೋಗಿಗಳಲ್ಲಿ ಬಹುಪಾಲು ಜನರಿಗೆ ಕೂಡಲೇ ಶಸ್ತ್ರಚಿಕಿತ್ಸೆ ಬೇಕಿಲ್ಲ, ಮೊದಲು ಬೇಕಾದುದು ರೋಗವನ್ನು ಸಕಾಲದಲ್ಲಿ ಗುರುತಿಸುವ ಕಣ್ಣು ಎಂಬುದೇ ಅದರ ಹಿಂದಿನ ವಿಚಾರ. ಕತ್ತಿ ಹಿಡಿದವರೇ ಕತ್ತಿಯ ಮಿತಿಯನ್ನರಿತು ನಡೆದದ್ದು ನಮಗೆ ಹಿಡಿಸಿತು. 2003ರ ಯಶಸ್ವಿನಿ ಯೋಜನೆಯ ಹಿಂದೆಯೂ ಇದ್ದವರು ಇವರೇ. ತಿಂಗಳಿಗೆ ಐದು ರೂಪಾಯಿಯ ಆ ಲೆಕ್ಕ ನಮ್ಮ ಸಹಕಾರ ಸಂಘಗಳ ಹಿರಿಯ ಸದಸ್ಯರಿಗೆ ನೆನಪಿರಬೇಕು.

ಅಂದು ಉಪಗ್ರಹ ಮಾಡಿದ ಕೆಲಸಕ್ಕೆ ಇಂದು ಮೊಬೈಲ್ ಜಾಲವೇ ಸಾಕು. ಸರ್ಕಾರದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯು ಈ ಕ್ರಮವನ್ನು ತಾಲ್ಲೂಕು ಆಸ್ಪತ್ರೆಗಳವರೆಗೆ ತಂದಿದೆ. ಎದೆನೋವಿನವರ ಇಸಿಜಿಯನ್ನು ಅಲ್ಲಿಯೇ ತೆಗೆದು ಕಳುಹಿಸಿದರೆ ಕೆಲವೇ ನಿಮಿಷಗಳಲ್ಲಿ ತಜ್ಞರ ಅಭಿಪ್ರಾಯ ಬರುತ್ತದೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿ ಹೃದಯಾಘಾತವಾಗಿದೆಯೆಂದು ತಿಳಿದರೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಬಳಿಕ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಬಡವರು ಕೊಳ್ಳಲಾಗದಷ್ಟು ದುಬಾರಿ ಔಷಧ ಅದು. ರಕ್ತಸ್ರಾವದ ಅಪಾಯವಿರುವವರಿಗೆ ಕೊಡುವಂತಿಲ್ಲ. ಆ ನಿರ್ಣಯ ವೈದ್ಯರದು.

ಆದರೆ ಯಂತ್ರವು ರೋಗಿಯ ಮನೆಗೆ ನಡೆದು ಬರುವುದಿಲ್ಲ. ಹೆಪ್ಪುಗಟ್ಟಿದ ನಾಳದ ಮುಂದಿನ ಹೃದಯದ ಸ್ನಾಯು ಗಳಿಗೆ ಗಳಿಗೆಗೂ ಸಾಯುತ್ತಿರುತ್ತದೆ. ಮೊದಲ ಒಂದು ಗಂಟೆಯೊಳಗೆ ಮದ್ದು ಸಿಕ್ಕರೆ ಫಲ ಹೆಚ್ಚು. ಹನ್ನೆರಡು ಗಂಟೆ ಕಳೆದ ಮೇಲೆ ಪ್ರಯೋಜನ ತೀರ ಕಡಿಮೆ. ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಇದರ ಲಕ್ಷಣಗಳು. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿ ಏದುಸಿರು, ಸುಸ್ತು ಮಾತ್ರ ಕಾಣಬಹುದು. ಹೆಣ್ಣುಮಕ್ಕಳು ಇದನ್ನು ಮನೆಗೆಲಸದ ದಣಿವೆಂದು ನುಂಗಿಕೊಳ್ಳುತ್ತಾರೆ, ನಾವೂ ಕೇಳುವುದಿಲ್ಲ.

ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನವರು ಚಿಕಿತ್ಸೆಯನ್ನೇ ಕಾಯಕವಾಗಿಸಿಕೊಂಡಿದ್ದರು. ಅವರನ್ನು ನೆನೆದು, ದಾಸೋಹದ ಪಡಸಾಲೆಯ ಗೋಡೆಯ ಮೇಲೆ ಈ ಲಕ್ಷಣಗಳನ್ನೂ ಆಂಬುಲೆನ್ಸಿನ 108 ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇವೆ. ಪ್ರಸಾದಕ್ಕೆ ಕುಳಿತಾಗ ಓದಲು ಬಲ್ಲವರು ಪಕ್ಕದವರಿಗೂ ಓದಿ ಹೇಳಬೇಕೆಂದು ವಿನಂತಿ.