ಚನ್ನಪಟ್ಟಣದ ಸೈನಿಕರು ಯುದ್ಧದಾಟಕ್ಕೆ ಆಗುತ್ತಾರೆಯೇ?

ಪ್ರಶ್ನೆ: ಮೇಜಿನ ಮೇಲೆ ಹಳೆಯ ಯುದ್ಧಗಳನ್ನು ಆಡುವವರು ಪುಟ್ಟ ಸೈನಿಕರಿಗೆ ತಾವೇ ಬಣ್ಣ ಹಚ್ಚುತ್ತಾರಂತೆ. ಅಂಥ ಗೊಂಬೆಗಳನ್ನು ಚನ್ನಪಟ್ಟಣದಲ್ಲೇ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು, ಆದರೆ ನೀವು ಅಂದುಕೊಂಡಂಥವು ಬರುವುದಿಲ್ಲ. ಆ ಆಟದ ಸೈನಿಕರು ಹೆಚ್ಚಾಗಿ 28 ಮಿಲಿಮೀಟರ್ ಅಳತೆಯ ಲೋಹದ ಎರಕ, ಇಲ್ಲವೇ ಪ್ಲಾಸ್ಟಿಕ್. ಗುಂಡಿ, ಮೀಸೆ, ಬಂದೂಕು ಎಲ್ಲ ಅಚ್ಚಿನಲ್ಲೇ ಮೂಡಿರುತ್ತವೆ. ಸಣ್ಣ ಕುಂಚದಲ್ಲಿ ಅಕ್ರಿಲಿಕ್ ಬಣ್ಣ ತುಂಬುವುದು ಆಡುವವರ ಕೆಲಸ.

ಚನ್ನಪಟ್ಟಣದ್ದು ಬೇರೆಯದೇ ದಾರಿ. ಅಲ್ಲಿ ಮೈಬಣ್ಣಕ್ಕೆ ಕುಂಚವೇ ಬೇಡ. ಒಣಗಿದ ಆಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ಕಡೆಯುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು. ತಿರುಗಿಸಿ ಮಾಡಿದ್ದೆಲ್ಲ ದುಂಡಗೇ ಬರಬೇಕಲ್ಲ: ದುಂಡು ತಲೆ, ದುಂಡು ಪೇಟ, ಸಿಪಾಯಿಗೂ ದುಂಡು ಹೊಟ್ಟೆ! ಕಣ್ಣು, ಮೀಸೆಗೆ ಮಾತ್ರ ಕುಂಚ. ಚದುರಂಗದ ಕಾಲಾಳು ಸಲೀಸು; ಕುದುರೆಯ ತಲೆಯನ್ನು ಬೇರೆಯಾಗಿ ಕೆತ್ತಬೇಕು.

ನನ್ನ ಪ್ರಕಾರ ಈ ದುಂಡಗಿನ ರೂಪ ಕೊರತೆಯೇನಲ್ಲ. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಇಂಥ ಯುದ್ಧದಾಟಕ್ಕೆ ನಿಯಮ ಬರೆದು ಪ್ರಕಟಿಸಿದಾಗ ಆಡಿದ್ದೂ ಮಕ್ಕಳ ಗೊಂಬೆ ಸೈನಿಕರಲ್ಲೇ. ಆಡಲು ಕದನವೂ ಪಕ್ಕದಲ್ಲೇ ಇದೆ: ಮಾಗಡಿ ಬಳಿಯ ಸಾವನದುರ್ಗವನ್ನು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆ 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಪಡೆಯಿಂದ ಕಿತ್ತುಕೊಂಡಿತು. ಗೊಂಬೆ ಕೊಳ್ಳುವಾಗ ಮಾತ್ರ ಅರಗಿನ ಬಣ್ಣವೋ ಬರೀ ಪೇಂಟೋ ಎಂದು ಕೇಳಿ ತಿಳಿದುಕೊಳ್ಳಿ.