ಅಜ್ಜಿಯ ಮೂರು ಹಿಡಿ ಬೆಲ್ಲ, ಅಜ್ಜನ ಬಾಳೆಹಣ್ಣಿನ ಹಲ್ವ

ಹೋದ ಮೇ ತಿಂಗಳಲ್ಲಿ ಒಂದು ಸಂಜೆ ನಮ್ಮ ತಾಳ್ಯದಲ್ಲಿ ಜೋರು ಗಾಳಿ ಎದ್ದಿತು. ಮಳೆ ಬಿದ್ದದ್ದು ನಾಲ್ಕು ಹನಿ, ಗಾಳಿ ಮಾತ್ರ ಅರ್ಧ ಗಂಟೆ. ಬೆಳಿಗ್ಗೆ ತೋಟಕ್ಕೆ ಹೋಗಿ ನೋಡಿದರೆ, ಅಡಿಕೆ ಸಸಿಗಳಿಗೆ ನೆರಳಾಗಲೆಂದು ಹಾಕಿದ್ದ ಪುಟ್ಟಬಾಳೆಯಲ್ಲಿ ನಾಲ್ಕು ಗಿಡ ಅಡ್ಡಡ್ಡ ಮಲಗಿದ್ದವು. ಮೂರರ ಗೊನೆ ಇನ್ನೂ ಎಳೆಯದು. ಅಕ್ಕಪಕ್ಕದವರಿಗೂ ಕೊಟ್ಟು ಪಲ್ಯಕ್ಕೆ ಮುಗಿಸಿದೆವು. ನಾಲ್ಕನೆಯ ಗೊನೆ ಚೆನ್ನಾಗಿ ಬಲಿತಿತ್ತು. ವ್ಯಾಪಾರಿಯನ್ನು ಕೇಳಿದೆ. ಅವರು ಹೇಳಿದ ಬೆಲೆಗೆ ಗೊನೆ ಹೊತ್ತೊಯ್ಯುವ ಆಟೋ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಸರಿ ಎಂದು ಮನೆಗೇ ತಂದು ಹುಲ್ಲಿನಲ್ಲಿ ಮುಚ್ಚಿ, ಮೇಲೆ ಗೋಣಿಚೀಲ ಹೊದಿಸಿ ಇಟ್ಟೆ.

ಆಗ ಮನೆಯಲ್ಲಿ ಬೇಸಿಗೆ ರಜೆಗೆ ಬಂದ ಇಬ್ಬರು ಮೊಮ್ಮಕ್ಕಳಿದ್ದರು. ಏಳನೇ ತರಗತಿಯ ಮೊಮ್ಮಗಳು, ನಾಲ್ಕನೇ ತರಗತಿಯ ಮೊಮ್ಮಗ. ಹಣ್ಣಾಗುತ್ತಿದ್ದ ಗೊನೆಯ ವಾಸನೆ ಮನೆಯೆಲ್ಲ ತುಂಬಿದಾಗ ಮೊಮ್ಮಗಳು ಕೇಳಿದಳು: “ಅಜ್ಜಿ, ನೀನು ಮೊದಲು ಮಾಡುತ್ತಿದ್ದೆಯಲ್ಲ, ಕರಿ ಹಲ್ವ, ಅದು ಮಾಡು.”

ಅಜ್ಜಿ ತನ್ನ ಬಲಭುಜ ಮುಟ್ಟಿ ತೋರಿಸಿದಳು. ಎರಡು ವರ್ಷದಿಂದ ಅವಳಿಗೆ ಭುಜದ ನೋವು. ಕೈ ತಲೆಯವರೆಗೆ ಏಳುವುದಿಲ್ಲ. ಹಲ್ವ ಎಂದರೆ ಮುಕ್ಕಾಲು ಗಂಟೆ ಬಿಡದೆ ಸೌಟು ಆಡಿಸುವ ಕೆಲಸ. ಆ ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಹಲ್ವ ಆಗಿಲ್ಲ ಎನ್ನುವುದು ನನಗೆ ಹೊಳೆದದ್ದೇ ಆಗ. ನಲವತ್ತು ವರ್ಷ ತಿಂದವನು ನಾನು. ಒಂದು ದಿನವೂ ಸೌಟು ಹಿಡಿದವನಲ್ಲ.

“ನಾನು ಮಾಡುತ್ತೇನೆ, ನೀನು ಹೇಳು” ಎಂದೆ. ಅವಳು ನಕ್ಕಳು.

ಹಿಡಿಯನ್ನು ತೂಗಿದ ಕಥೆ

ಮಕ್ಕಳೇ, ಈ ಹಲ್ವ ನಮ್ಮ ಊರಿನ ತಿಂಡಿಯಲ್ಲ, ಕರಾವಳಿಯದು. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಗುಮಾಸ್ತನಾಗಿ ಚಿತ್ರದುರ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಪಕ್ಕದ ಮನೆಯವರು ಕುಂದಾಪುರ ಕಡೆಯವರು. ಅವರಿಗೆ ನಮ್ಮವಳು ಕಾಯಿ ಹೋಳಿಗೆ ಕಲಿಸಿದಳು, ಅವರು ಇವಳಿಗೆ ಬಾಳೆಹಣ್ಣಿನ ಹಲ್ವ ಕಲಿಸಿದರು. ಇಬ್ಬರೂ ಬರೆದುಕೊಳ್ಳಲಿಲ್ಲ. ಕೈ ನೋಡಿ ಕಲಿತರು, ಅಷ್ಟೇ.

ನಾನು ನೋಟ್‌ಬುಕ್ಕು ತೆಗೆದು ಕೂತು, “ಬೆಲ್ಲ ಎಷ್ಟು?” ಎಂದೆ.

“ಮೂರು ಹಿಡಿ.”

“ಹಿಡಿ ಎಂದರೆ ಎಷ್ಟು ಗ್ರಾಂ?”

“ಹಿಡಿ ಎಂದರೆ ಹಿಡಿ ಕಣ್ರೀ.”

“ತುಪ್ಪ?”

“ಕೇಳಿದಷ್ಟು.”

“ಯಾರು ಕೇಳುವುದು?”

“ಹಲ್ವ ಕೇಳುತ್ತೆ.”

ಇಡೀ ಆಯುಷ್ಯ ರೂಪಾಯಿ ಪೈಸೆ ತಾಳೆ ನೋಡಿದ ನನಗೆ ಈ ಲೆಕ್ಕ ಹಿಡಿಸಲಿಲ್ಲ. ಆದರೆ ಮೊಮ್ಮಗಳು ಒಂದು ಉಪಾಯ ಮಾಡಿದಳು. ಅಡುಗೆಮನೆಯ ಬ್ಯಾಟರಿ ತಕ್ಕಡಿ ತಂದು ಅಜ್ಜಿಯ ಮುಂದಿಟ್ಟು, “ಅಜ್ಜಿ, ನಿನ್ನ ಹಿಡಿಯಲ್ಲಿ ಮೂರು ಸಲ ಬೆಲ್ಲದ ಪುಡಿ ಹಾಕು” ಎಂದಳು. ಅಜ್ಜಿ ಹಾಕಿದಳು. 305 ಗ್ರಾಂ. ಎಲ್ಲ ತೆಗೆದು ಇನ್ನೊಮ್ಮೆ ಹಾಕಿಸಿದಳು. 298 ಗ್ರಾಂ. ನನಗೆ ಆಶ್ಚರ್ಯವಾಯಿತು. ಅಂದಾಜು ಎಂದು ನಾನು ತಮಾಷೆ ಮಾಡುತ್ತಿದ್ದ ಕೈ, ಎರಡು ಸಲಕ್ಕೆ ಏಳೇ ಗ್ರಾಂ ವ್ಯತ್ಯಾಸ ಮಾಡಿತ್ತು. ನೋಟ್‌ಬುಕ್ಕಿನಲ್ಲಿ 300 ಎಂದು ಬರೆದೆ.

ಬೇಕಾಗುವ ಸಾಮಾನು

ತೀರ ಕಳಿತ ಪುಟ್ಟಬಾಳೆ ಹಣ್ಣು: ಸಿಪ್ಪೆ ತೆಗೆದು 1 ಕಿಲೋ, ಸುಮಾರು 25 ಹಣ್ಣು
ಬೆಲ್ಲದ ಪುಡಿ: 300 ಗ್ರಾಂ
ತುಪ್ಪ: 150 ಗ್ರಾಂ
ನೀರು: ಬೆಲ್ಲ ಕರಗಿಸಲು ಅರ್ಧ ಲೋಟ, ಅಂದರೆ 100 ಗ್ರಾಂ
ಗೋಡಂಬಿ: 15ರಿಂದ 20
ಏಲಕ್ಕಿ: 5
ನಿಂಬೆರಸ: 1 ಚಮಚ
ಉಪ್ಪು: ಒಂದು ಚಿಟಿಕೆ

ದಪ್ಪ ತಳದ ಬಾಣಲೆ, ಉದ್ದ ಹಿಡಿಯ ಮರದ ಸೌಟು ಇರಲೇಬೇಕು. ಪುಟ್ಟಬಾಳೆಯೇ ಆಗಬೇಕೆಂದಿಲ್ಲ. ಪಚ್ಚಬಾಳೆಯಲ್ಲೂ ಆಗುತ್ತದೆ, ಕೇರಳದ ನೇಂದ್ರದಲ್ಲಂತೂ ಚೆನ್ನಾಗಿ ಆಗುತ್ತದೆ. ನಂಜನಗೂಡಿನ ರಸಬಾಳೆ, ಕಲಬುರಗಿ ಜಿಲ್ಲೆ ಕಮಲಾಪುರದ ಕೆಂಪು ಬಾಳೆ, ಇವೆರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಂಥ ಹಣ್ಣು ಸಿಕ್ಕರೆ ಹಾಗೇ ತಿನ್ನಿ, ಬೇಯಿಸಬೇಡಿ!

ಎರಡು ಸಲ ಸೋತೆ

ಮೊದಲನೆಯ ಸಲ ನನಗೆ ಅವಸರ. ಗೊನೆಯ ಮೇಲಿನ ಚಿಪ್ಪುಗಳು ಹಳದಿಯಾಗಿದ್ದೇ ತಡ, ಹನ್ನೆರಡು ಹಣ್ಣು ಕಿತ್ತು ಒಲೆ ಹಚ್ಚಿದೆ. “ಇನ್ನೂ ಎರಡು ದಿನ ಬಿಡಿ” ಎಂದ ಅಜ್ಜಿಯ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಹಲ್ವ ಗಟ್ಟಿಯಾಯಿತು, ಆದರೆ ಬಾಯಿಗಿಟ್ಟರೆ ಒಗರು, ಹಿಟ್ಟು ಹಿಟ್ಟು. ಮೊಮ್ಮಗ ಒಂದು ಚೂರು ತಿಂದು ನೀರು ಕುಡಿದ.

ಯಾಕೆ ಹೀಗಾಯಿತು? ಬಾಳೆಕಾಯಿಯ ತಿರುಳಿನಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಭಾಗ ಪಿಷ್ಟ. ಕಾಯಿ ಹಣ್ಣಾಗುವಾಗ ಆ ಪಿಷ್ಟ ಸಕ್ಕರೆಯಾಗುತ್ತದೆ. ಪೂರ್ತಿ ಕಳಿತ ಹಣ್ಣಿನಲ್ಲಿ ಪಿಷ್ಟ ಒಂದೆರಡು ಭಾಗ ಉಳಿದರೆ ಹೆಚ್ಚು. ಒಗರು ಕೂಡ ಆಗಲೇ ಕಡಿಮೆಯಾಗುವುದು. ಸಿಪ್ಪೆ ಹಳದಿಯಾದರೆ ಸಾಲದು, ಮೇಲೆ ಕರಿ ಚುಕ್ಕೆ ಬರಬೇಕು. ಅಂಗಡಿಯಲ್ಲಿ ನಾವು ಬೇಡ ಎಂದು ಬಿಟ್ಟು ಬರುವ ಹಣ್ಣೇ ಹಲ್ವಕ್ಕೆ ಮೇಲು.

ಹಣ್ಣು ಮಾಗಿಸುವುದು ಎಥಿಲೀನ್ ಎನ್ನುವ ಅನಿಲ. ಅದನ್ನು ಹಣ್ಣೇ ಹೊರಬಿಡುತ್ತದೆ. ಒಂದು ಹಣ್ಣಾದರೆ ಪಕ್ಕದವೂ ಹಣ್ಣಾಗುವುದು ಅದಕ್ಕೇ. ನನ್ನ ಬಾಲ್ಯದಲ್ಲಿ ಗೊನೆಯನ್ನು ಗುಂಡಿಯಲ್ಲಿಟ್ಟು ಹೊಗೆ ಹಾಕುತ್ತಿದ್ದರು. ಹೊಗೆಯಲ್ಲೂ ಎಥಿಲೀನ್ ಇರುತ್ತದೆ, ಜೊತೆಗೆ ಗುಂಡಿಯಲ್ಲಿ ಬಿಸಿ ನಿಲ್ಲುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಮಾತ್ರ ಅಪಾಯ. ನಮ್ಮ ದೇಶದಲ್ಲಿ ಕಾನೂನು ಅದನ್ನು ನಿಷೇಧಿಸಿದೆ.

ಎರಡನೆಯ ಸಲ ಹಣ್ಣು ಸರಿಯಾಗಿತ್ತು, ಬೆಂಕಿ ಹೆಚ್ಚಾಯಿತು. ಬೇಗ ಮುಗಿಯಲಿ ಎಂದು ಉರಿ ದೊಡ್ಡದು ಮಾಡಿದೆ. ಅಷ್ಟರಲ್ಲಿ ಫೋನ್ ಬಂತು. ಒಂದೇ ನಿಮಿಷ ತಿರುಗಿದೆ. ಆಚೆ ಕೋಣೆಯಲ್ಲಿ ಮಲಗಿದ್ದ ಅಜ್ಜಿ, “ತಳ ಹಿಡೀತು!” ಎಂದು ಕೂಗಿದಳು. ನನ್ನ ಮೂಗಿಗೆ ವಾಸನೆ ಬಂದಿರಲೇ ಇಲ್ಲ. ಬಾಣಲೆ ಉಜ್ಜಲು ಎರಡು ದಿನ ಬೇಕಾಯಿತು. ಉಜ್ಜಿದವನೂ ನಾನೇ.

ಮೂರನೆಯ ಸಲ, ಹೀಗೆ ಮಾಡಿದೆವು

ಈ ಸಲ ಅಜ್ಜಿಗೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿದೆವು. ಮಕ್ಕಳು ಹಣ್ಣು ಸುಲಿದರು. ಮೊಮ್ಮಗ ಕೈಯಲ್ಲೇ ಕಿವುಚಿದ, ಅದು ಅವನಿಗೆ ಬಲು ಇಷ್ಟದ ಕೆಲಸ. “ಅಜ್ಜ, ಹಣ್ಣಿನೊಳಗೆ ಈ ಕರಿ ಚುಕ್ಕೆ ಏನು?” ಎಂದ. ಅವು ಬೀಜವಾಗಬೇಕಿದ್ದು ಬೆಳೆಯದೆ ಉಳಿದವು. ನಾವು ತಿನ್ನುವ ಬಾಳೆಗೆ ಬೀಜವಿಲ್ಲ, ಕಂದು ನೆಟ್ಟೇ ಬೆಳೆಸಬೇಕು. ಇನ್ನೊಂದು ವಿಷಯ: ಬಾಳೆ ಮರವೂ ಅಲ್ಲ. ಕಾಂಡದ ಹಾಗೆ ಕಾಣುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳು. ಒಳಗೆ ಕಟ್ಟಿಗೆಯಿಲ್ಲ. ಗೊನೆ ಹೊತ್ತ ಗಿಡ ಗಾಳಿಗೆ ಸುಲಭವಾಗಿ ಬೀಳುವುದು ಅದಕ್ಕೇ.

ಬೆಲ್ಲಕ್ಕೆ ಅರ್ಧ ಲೋಟ ನೀರು ಹಾಕಿ ಕರಗಿಸಿ ಸೋಸಿ ಇಟ್ಟುಕೊಂಡೆ. ಬಾಣಲೆಗೆ ಮೂರು ಚಮಚ ತುಪ್ಪ ಹಾಕಿ, ಗೋಡಂಬಿ ಹುರಿದು ತೆಗೆದೆ. ಅದೇ ತುಪ್ಪಕ್ಕೆ ಕಿವುಚಿದ ಹಣ್ಣು ಸುರಿದು ಸಣ್ಣ ಉರಿಯಲ್ಲಿ ಕೈಯಾಡಿಸಿದೆ. ಹದಿನೈದು ನಿಮಿಷಕ್ಕೆ ಹಸಿ ವಾಸನೆ ಹೋಗಿ ಬಣ್ಣ ತಿರುಗಿತು. ಆಮೇಲೆ ಬೆಲ್ಲದ ನೀರು, ಉಪ್ಪು ಹಾಕಿದೆ. ಗಟ್ಟಿಯಾಗಿದ್ದದ್ದು ಮತ್ತೆ ತೆಳ್ಳಗಾಯಿತು. ನನಗೆ ಗಾಬರಿ. “ಆಗುತ್ತೆ, ಕೈ ಬಿಡಬೇಡಿ” ಎಂದಳು ಅಜ್ಜಿ.

ಇಲ್ಲಿಂದ ಮುಂದೆ ಮಕ್ಕಳು ದೂರ ನಿಲ್ಲಬೇಕು. ಕುದಿಯುವ ಹಲ್ವ ಬುಳಕ್ ಎಂದು ಸಿಡಿಯುತ್ತದೆ. ಚರ್ಮಕ್ಕೆ ಬಿದ್ದರೆ ಬಿಸಿನೀರಿನಂತೆ ಜಾರಿ ಹೋಗದೆ ಅಂಟಿಕೊಂಡು ಸುಡುತ್ತದೆ. ಸೌಟು ಹಿಡಿಯುವುದು ದೊಡ್ಡವರ ಕೆಲಸ.

ಉಳಿದ ತುಪ್ಪವನ್ನು ಐದು ನಿಮಿಷಕ್ಕೊಂದು ಚಮಚದಂತೆ ಹಾಕುತ್ತ ಬಂದೆ. ಹಾಕಿದ ತುಪ್ಪವನ್ನು ಹಲ್ವ ಕುಡಿದುಬಿಡುತ್ತದೆ. ಕುಡಿದಾದ ಮೇಲೆ ಬಾಣಲೆಯ ಅಂಚು ಒಣಗಿದಂತೆ ಕಾಣುತ್ತದೆ. ‘ಹಲ್ವ ಕೇಳುತ್ತೆ’ ಎಂದರೆ ಏನೆಂದು ಅರ್ಥವಾದದ್ದು ಆಗ. ಅರ್ಧ ಗಂಟೆ ಕಳೆದ ಮೇಲೆ ನಿಂಬೆರಸ ಹಾಕಿದೆ. ಹುಳಿ ಇದ್ದರೆ ಬೆಲ್ಲ ಹರಳುಗಟ್ಟುವುದು ಕಡಿಮೆ, ಸಿಹಿಯೂ ಮುಖಕ್ಕೆ ಹೊಡೆಯುವುದಿಲ್ಲ.

ಸುಮಾರು 45 ನಿಮಿಷಕ್ಕೆ ನನ್ನ ತೋಳು ಸೋತಿತು. “ಆಯಿತೇನೆ?” ಎಂದೆ.

ಅವಳು ಎದ್ದು ನೋಡಲೂ ಇಲ್ಲ. “ಸೌಟಿನ ಸದ್ದು ಇನ್ನೂ ಒದ್ದೆ ಇದೆ. ಇನ್ನೈದು ನಿಮಿಷ” ಎಂದಳು.

ಅಷ್ಟು ಹೊತ್ತೂ ಅವಳು ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು. ಐದು ನಿಮಿಷಕ್ಕೆ ಸದ್ದು ನಿಜವಾಗಿಯೂ ಬದಲಾಯಿತು. ಪಿಚ್ ಪಿಚ್ ಎನ್ನುತ್ತಿದ್ದದ್ದು ನಿಂತು, ಹಲ್ವ ಒಂದೇ ಮುದ್ದೆಯಾಗಿ ಸೌಟಿನ ಹಿಂದೆ ತಿರುಗತೊಡಗಿತು. ತಳ ಬಿಟ್ಟಿತು, ಅಂಚಿನಲ್ಲಿ ತುಪ್ಪ ಹೊರಬಂತು. ಏಲಕ್ಕಿ ಪುಡಿ, ಗೋಡಂಬಿ ಸೇರಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದು ತಟ್ಟಿದೆ. ಎರಡು ಗಂಟೆ ಆರಿದ ಮೇಲೆ ಚಾಕುವಿಗೂ ತುಪ್ಪ ಸವರಿ ಕತ್ತರಿಸಿದೆವು.

ಅರ್ಧ ಕಿಲೋ ಎಲ್ಲಿ ಹೋಯಿತು?

ಮೊಮ್ಮಗಳು ಬಿಡಲಿಲ್ಲ, ಹಲ್ವವನ್ನೂ ತೂಗಿದಳು. ಗೋಡಂಬಿ, ಏಲಕ್ಕಿ ಬಿಟ್ಟು ನಾವು ಹಾಕಿದ್ದು: ಹಣ್ಣು 1000, ಬೆಲ್ಲ 300, ತುಪ್ಪ 150, ನೀರು 100. ಒಟ್ಟು 1550 ಗ್ರಾಂ. ತಟ್ಟೆಯಲ್ಲಿದ್ದದ್ದು ಕಿಲೋಗಿಂತ ತುಸು ಕಡಿಮೆ. “ಅಜ್ಜ, ನಿನ್ನ ಲೆಕ್ಕ ತಾಳೆಯಾಗಲಿಲ್ಲ. ಅರ್ಧ ಕಿಲೋಗಿಂತ ಹೆಚ್ಚು ಕಳ್ಳತನ ಆಗಿದೆ” ಎಂದಳು.

ಕಳ್ಳ ಯಾರು ಗೊತ್ತೇ? ಆವಿ. ಬಾಳೆಹಣ್ಣಿನ ತಿರುಳಿನಲ್ಲಿ ನಾಲ್ಕನೇ ಮೂರು ಭಾಗ ನೀರು. ಮುಕ್ಕಾಲು ಗಂಟೆ ನಾವು ಮಾಡಿದ ಕೆಲಸವೆಲ್ಲ ಆ ನೀರನ್ನು ಓಡಿಸುವುದೇ. ನೀರು ಕಡಿಮೆಯಾಗಿ ಸಿಹಿ ಒತ್ತಾಗಿ ಸೇರಿದರೆ ಬೂಷ್ಟು, ಸೂಕ್ಷ್ಮಜೀವಿಗಳು ಬೇಗ ಬೆಳೆಯಲಾರವು. ಒಂದೇ ದಿನಕ್ಕೆ ಕೊಳೆಯುವ ಹಣ್ಣು, ಹಲ್ವವಾದ ಮೇಲೆ ಹೊರಗೆ ಎರಡು ಮೂರು ದಿನ, ಫ್ರಿಜ್ಜಿನಲ್ಲಿ ವಾರ ಕಳೆದರೂ ಕೆಡುವುದಿಲ್ಲ. ಹಿಂದಿನವರು ಹಣ್ಣನ್ನು ಸಿಹಿ ಮಾಡಿದ್ದು ನಾಲಿಗೆಯ ಚಪಲಕ್ಕಷ್ಟೇ ಅಲ್ಲ, ಒಟ್ಟಿಗೆ ಹಣ್ಣಾದ ಗೊನೆ ಹಾಳಾಗದಿರಲಿ ಎಂದೂ ಹೌದು. ತಮಿಳುನಾಡಿನ ಪಳನಿಯ ಪಂಚಾಮೃತವೂ ಹೀಗೆಯೇ, ಬಾಳೆಹಣ್ಣು, ಬೆಲ್ಲ, ತುಪ್ಪ ಸೇರಿಸಿದ್ದು. ಅದಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು.

ನನ್ನ ವಯಸ್ಸಿನವರಿಗೊಂದು ಮಾತು. ಬೆಲ್ಲ ಹಾಕಿದ್ದು, ಹಣ್ಣಿನದು, ಏನೂ ಆಗುವುದಿಲ್ಲ ಎಂದು ಮೋಸಹೋಗಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲವೂ ಸಕ್ಕರೆಯೇ. ನನಗೂ ಆ ಕಾಯಿಲೆ ಇದೆ. ಉಗುರಿನಷ್ಟು ರುಚಿ ನೋಡಿ ತಟ್ಟೆಯನ್ನು ಆಚೆ ತಳ್ಳಿದೆ. ಮಾಡುವ ಸಂತೋಷಕ್ಕೆ ಪಥ್ಯವಿಲ್ಲವಲ್ಲ.

ಮೊದಲ ತುಂಡು ಅಜ್ಜಿಗೆ ಕೊಟ್ಟೆವು. ಮೂವರೂ ಅವಳ ಮುಖವನ್ನೇ ನೋಡುತ್ತ ನಿಂತೆವು. ನಿಧಾನಕ್ಕೆ ತಿಂದಳು. “ಇನ್ನೊಂದು ಚಮಚ ತುಪ್ಪ ಕೇಳಿತ್ತು, ನಿಮಗೆ ಕೇಳಿಸಿಲ್ಲ” ಎಂದಳು. ಹಾಗೆಂದು ಎರಡನೆಯ ತುಂಡಿಗೆ ಕೈ ಚಾಚಿದಳು.

ಮಕ್ಕಳೇ, ನಿಮ್ಮ ಅಜ್ಜಿಯ ಕೈಯಲ್ಲೂ ಇಂಥದೊಂದು ಹಿಡಿ ಇರುತ್ತದೆ. ಹುಣಸೆಹಣ್ಣಿನದೋ, ಉಪ್ಪಿನದೋ, ರಾಗಿ ಹಿಟ್ಟಿನದೋ. ಈ ಭಾನುವಾರ ಒಂದು ತಕ್ಕಡಿ, ಒಂದು ನೋಟ್‌ಬುಕ್ಕು ತೆಗೆದುಕೊಂಡು ಅವರ ಮುಂದೆ ಕೂತುಕೊಳ್ಳಿ. ತೂಗಿ, ಬರೆದುಕೊಳ್ಳಿ. ಆಮೇಲೆ ಒಮ್ಮೆ ಅವರ ಎದುರೇ ಮಾಡಿ ನೋಡಿ. ಸೌಟಿನ ಸದ್ದನ್ನು ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಅದನ್ನು ಅವರು ಪಕ್ಕದಲ್ಲಿದ್ದಾಗಲೇ ಕಲಿಯಬೇಕು.